ತಾಮ್ರದ ತಟ್ಟೆಯೂ ಕಾಂತದ ಸೂಜಿಯೂ

ಅಯಸ್ಕಾಂತವು ಕಬ್ಬಿಣವನ್ನು ಸೆಳೆಯುತ್ತದೆ, ತಾಮ್ರವನ್ನು ಸೆಳೆಯುವುದಿಲ್ಲ. ಇದು ಶಾಲೆಯ ಹುಡುಗರಿಗೂ ತಿಳಿದ ಸಂಗತಿ. ತಾಮ್ರದ ಚೊಂಬಿನ ಮಗ್ಗುಲಲ್ಲಿ ಎಷ್ಟೇ ಬಲವಾದ ಅಯಸ್ಕಾಂತವನ್ನು ಹಿಡಿದರೂ ಚೊಂಬು ಅಲುಗುವುದಿಲ್ಲ, ಕಾಂತವು ಅದಕ್ಕೆ ಅಂಟಿಕೊಳ್ಳುವುದೂ ಇಲ್ಲ. ಒಂದರ ಇರವು ಇನ್ನೊಂದಕ್ಕೆ ತಿಳಿಯದೆಂದೇ ಹೇಳಬಹುದು. ಆದರೆ ಒಂದು ಗಜದಷ್ಟು ಉದ್ದವಾದ, ದಪ್ಪನೆಯ ತಾಮ್ರದ ಕೊಳವೆಯನ್ನು ನೆಟ್ಟಗೆ ಹಿಡಿದು, ಅದರೊಳಕ್ಕೆ ಹಿಡಿಯುವಂಥ ಒಂದು ಅಯಸ್ಕಾಂತದ ಗುಂಡನ್ನು ಬಿಟ್ಟು ನೋಡೋಣ. ಸಾಮಾನ್ಯವಾದ ಕಲ್ಲಿನ ಗುಂಡಾದರೆ ಅರ್ಧ ಸೆಕೆಂಡಿನೊಳಗೆ ಕೆಳಗೆ ಬಿದ್ದುಬಿಡುತ್ತದೆ. ಈಗ ಪೇಟೆಯಲ್ಲಿ ದೊರೆಯುವ ಬಲವಾದ ನಿಯೋಡಿಮಿಯಂ ಕಾಂತದ ಗುಂಡಾದರೋ ಜೇನುತುಪ್ಪದಲ್ಲಿ ಇಳಿಯುವ ಗೋಲಿಯಂತೆ ಮೆಲ್ಲಮೆಲ್ಲನೆ ಇಳಿದು, ಹಲವು ಸೆಕೆಂಡುಗಳಾದ ಮೇಲೆ ಹೊರಕ್ಕೆ ಬರುತ್ತದೆ. ಅದು ಕೊಳವೆಯ ಗೋಡೆಯನ್ನು ಮುಟ್ಟಬೇಕಾದದ್ದೂ ಇಲ್ಲ. ಬಿದ್ದ ಗುಂಡನ್ನು ಎತ್ತಿಕೊಂಡು ಕೊಳವೆಯ ಹೊರಮೈಗೆ ತಗುಲಿಸಿದರೆ ಮತ್ತೆ ಮೊದಲಿನ ಉದಾಸೀನತೆಯೇ.

ನಿಂತಿರುವಾಗ ಕಾಂತಕ್ಕೂ ತಾಮ್ರಕ್ಕೂ ಸಂಬಂಧವಿಲ್ಲ, ಚಲಿಸುವಾಗ ಸಂಬಂಧವುಂಟು. ಆ ಸಂಬಂಧವಾದರೂ ಚಲನೆಯನ್ನು ತಡೆಯುವ ಸಂಬಂಧ. ಈ ತಡೆಯು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಬಿಡಿಸುವುದಕ್ಕೆ ಯೂರೋಪಿನ ಮೇಧಾವಿಗಳಿಗೆ ಏಳು ವರ್ಷಗಳು ಹಿಡಿದುವು. ಉತ್ತರವು ದೊರೆತಾಗ ಅದರ ಜೊತೆಯಲ್ಲಿಯೇ ವಿದ್ಯುದ್ದೀಪ, ವಿದ್ಯುದ್ಯಂತ್ರ ಮುಂತಾದ ನಮ್ಮ ಕಾಲದ ಸೌಕರ್ಯಗಳ ಬೀಜವೂ ದೊರೆಯಿತು. ಆ ಚರಿತ್ರೆಯನ್ನೇ ನಾವು ಈ ದಿನ ವಿಚಾರಮಾಡಬೇಕೆಂದಿದ್ದೇವೆ.

೧೮೨೦ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಊರ್ಸ್ಟೆಡ್ಡನು, ವಿದ್ಯುತ್ಪ್ರವಾಹವು ಹರಿಯುತ್ತಿರುವ ತಂತಿಯ ಬಳಿಯಲ್ಲಿ ದಿಕ್ಸೂಚಿಯ ಸೂಜಿಯು ಓರೆಯಾಗುವುದೆಂದು ಪ್ರಕಟಿಸಿದನು. ಅದುವರೆಗೆ ವಿದ್ಯುತ್ತೂ ಕಾಂತತ್ವವೂ ಬೇರೆಬೇರೆ ಮನೆತನಗಳಿಗೆ ಸೇರಿದುವೆಂಬ ಭಾವನೆ ಪ್ರಬಲವಾಗಿದ್ದಿತು. ಊರ್ಸ್ಟೆಡ್ಡನ ಪ್ರಯೋಗದಿಂದ ಅವೆರಡೂ ನೆಂಟರೆಂಬುದು ಸಿದ್ಧವಾಯಿತು. ಈ ಸುದ್ದಿಯನ್ನು ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಪ್ಯಾರಿಸಿನ ವಿಜ್ಞಾನ ಪರಿಷತ್ತಿಗೆ ತಿಳಿಸಿದವನು ಆರಾಗೋ ಎಂಬ ಜ್ಯೋತಿಶ್ಶಾಸ್ತ್ರಜ್ಞ. ಅವನ ಸ್ನೇಹಿತನಾದ ಆಂಪೇರನು ಕೆಲವೇ ವಾರಗಳಲ್ಲಿ ಆ ವಿಷಯಕ್ಕೆ ಗಣಿತದ ತಳಹದಿಯನ್ನು ಹಾಕತೊಡಗಿದನು. ವಿದ್ಯುತ್ತು ಕಾಂತದ ಕೆಲಸವನ್ನು ಮಾಡುವುದಾದರೆ, ಕಾಂತವು ವಿದ್ಯುತ್ತನ್ನು ಹುಟ್ಟಿಸಲಾರದೆ? ಈ ಪ್ರಶ್ನೆಯು ಆಗ ಎಲ್ಲರ ಮನಸ್ಸಿನಲ್ಲಿಯೂ ಇದ್ದಿತು. ಉತ್ತರವು ಮಾತ್ರ ಯಾರ ಕೈಗೂ ಸಿಕ್ಕದೆ ಹೋಯಿತು.

ಇಂತಿರಲು, ಪ್ಯಾರಿಸಿನಲ್ಲಿ ಗಾಂಬೇ ಎಂಬ ಕುಶಲಿಯಾದ ಉಪಕರಣಕಾರನಿದ್ದನು. ಸೂಕ್ಷ್ಮವಾದ ದಿಕ್ಸೂಚಿಗಳನ್ನು ಮಾಡುವುದರಲ್ಲಿ ಅವನದು ಎತ್ತಿದ ಕೈ. ಸೂಜಿಯನ್ನು ತಾಮ್ರದ ಪೆಟ್ಟಿಗೆಯಲ್ಲಿಟ್ಟು ತೂಗಲು ಬಿಟ್ಟರೆ ಅದು ಬಹುಬೇಗನೆ ನಿಂತುಹೋಗುವುದನ್ನು ಅವನು ಗಮನಿಸಿದನು. ಮರದ ಪೆಟ್ಟಿಗೆಯಲ್ಲಿ ಅದೇ ಸೂಜಿಯು ಬಹಳ ಹೊತ್ತು ತೂಗಾಡುತ್ತಿದ್ದಿತು. ಆರಾಗೋ ಈ ವಿಷಯವನ್ನು ಕೈಗೆತ್ತಿಕೊಂಡು ಲೆಕ್ಕವಿಟ್ಟು ಪರೀಕ್ಷಿಸಿದನು. ಸೂಜಿಯನ್ನು ೪೫ ಅಂಶಗಳಷ್ಟು ಪಕ್ಕಕ್ಕೆ ಸರಿಸಿ ಬಿಡುವುದು. ತೂಗಾಟವು ೧೦ ಅಂಶಗಳಿಗೆ ಇಳಿಯುವ ವೇಳೆಗೆ ಎಷ್ಟು ಸಲ ತೂಗಿತೆಂದು ಎಣಿಸುವುದು. ಇದೇ ಅವನ ಕ್ರಮ. ಮರದ ಬಳೆಯೊಳಗೆ ಸೂಜಿಯು ೧೪೫ ಸಲ ತೂಗಿತು. ತೆಳುವಾದ ತಾಮ್ರದ ಬಳೆಯೊಳಗೆ ೬೬ ಸಲ. ದಪ್ಪನೆಯ ತಾಮ್ರದ ಬಳೆಯೊಳಗೆ ೩೩ ಸಲ ಮಾತ್ರ. ಒಂದೊಂದು ತೂಗಾಟಕ್ಕೆ ಹಿಡಿಯುವ ಕಾಲವು ಬದಲಾಗಲಿಲ್ಲ. ತೂಗಾಟದ ಹರವು ಮಾತ್ರ ಬೇಗ ಕುಗ್ಗುತ್ತ ಬಂದಿತು. ತಾಮ್ರವು ಸೂಜಿಯನ್ನು ತನ್ನ ಕಡೆಗೆ ಎಳೆಯುತ್ತಲೂ ಇರಲಿಲ್ಲ, ದೂಡುತ್ತಲೂ ಇರಲಿಲ್ಲ. ಅದರ ಚಲನೆಯನ್ನು ಮಾತ್ರ ಹೀರಿಕೊಳ್ಳುತ್ತಿದ್ದಿತು. ೧೮೨೪ನೆಯ ನವೆಂಬರಿನಲ್ಲಿ ಆರಾಗೋ ಇದನ್ನು ಪರಿಷತ್ತಿನ ಮುಂದಿಟ್ಟನು.

ಆಮೇಲೆ ಅವನಿಗೆ ಬಂದ ಯೋಚನೆಯು ಬಹು ಸರಳವಾದುದು. ನಿಶ್ಚಲವಾದ ತಾಮ್ರವು ಚಲಿಸುವ ಸೂಜಿಯನ್ನು ನಿಲ್ಲಿಸುವುದಾದರೆ, ಚಲಿಸುವ ತಾಮ್ರವು ನಿಂತಿರುವ ಸೂಜಿಯನ್ನು ಏನು ಮಾಡೀತು? ಅವನು ತಾಮ್ರದ ತಟ್ಟೆಯೊಂದನ್ನು ಅಡ್ಡಲಾಗಿ ತಿರುಗುವಂತೆ ಅಳವಡಿಸಿ, ಅದರ ಮೇಲೆ ಸೂಜಿಯನ್ನು ತೂಗುಹಾಕಿ, ಗಾಳಿಯು ಸೂಜಿಯನ್ನು ಅಲುಗಿಸದಂತೆ ನಡುವೆ ತೆಳುವಾದ ಪರದೆಯನ್ನಿಟ್ಟನು. ತಟ್ಟೆಯನ್ನು ಮೆಲ್ಲಗೆ ತಿರುಗಿಸಿದಾಗ ಸೂಜಿಯು ಉತ್ತರ ದಿಕ್ಕನ್ನು ಬಿಟ್ಟು, ತಟ್ಟೆಯು ತಿರುಗುವ ಕಡೆಗೆ ಓರೆಯಾಗಿ ನಿಂತಿತು. ವೇಗವನ್ನು ಹೆಚ್ಚಿಸಿದಾಗ ಓರೆಯೂ ಹೆಚ್ಚಿತು. ಇನ್ನೂ ವೇಗವಾಗಿ ತಿರುಗಿಸಿದಾಗ ಸೂಜಿಯು ಭೂಮಿಯ ಸೆಳೆತವನ್ನೂ ಮೀರಿ ತಟ್ಟೆಯ ಹಿಂದೆಯೇ ಗಿರಗಿರನೆ ಸುತ್ತತೊಡಗಿತು. ಇದು ೧೮೨೫ನೆಯ ಮಾರ್ಚಿಯಲ್ಲಿ ನಡೆದ ಪ್ರದರ್ಶನ. ಲಂಡನ್ನಿನ ರಾಯಲ್ ಸೊಸೈಟಿಯು ಆ ವರ್ಷವೇ ಆರಾಗೋವಿಗೆ ಕಾಪ್ಲೀ ಪದಕವನ್ನು ಕೊಟ್ಟು ಗೌರವಿಸಿತು.

ಈ ಎರಡು ಪ್ರಯೋಗಗಳೂ ಒಂದೇ ಮಾತನ್ನು ಹೇಳುತ್ತವೆ. ತಾಮ್ರಕ್ಕೂ ಕಾಂತಕ್ಕೂ ನಡುವೆ ಚಲನೆಯ ವ್ಯತ್ಯಾಸವಿದ್ದರೆ ಆ ವ್ಯತ್ಯಾಸವನ್ನು ಅಳಿಸುವಂಥ ಬಲವೊಂದು ಹುಟ್ಟುತ್ತದೆ. ತಾಮ್ರವು ನಿಂತಿದ್ದರೆ ಕಾಂತವು ನಿಲ್ಲಬೇಕು. ತಾಮ್ರವು ಓಡುತ್ತಿದ್ದರೆ ಕಾಂತವು ಜೊತೆಯಲ್ಲಿ ಓಡಬೇಕು. ಆದರೆ ಆ ಬಲವು ಯಾವುದರಿಂದ ಹುಟ್ಟಿತು?

ಸುದ್ದಿಯು ಇಂಗ್ಲೆಂಡನ್ನು ಮುಟ್ಟಿದೊಡನೆ ಬ್ಯಾಬೇಜ್ ಮತ್ತು ಜಾನ್ ಹರ್ಷಲ್ ಎಂಬ ಇಬ್ಬರು ವಿದ್ವಾಂಸರು ಪ್ರಯೋಗವನ್ನು ತಿರುವುಮುರುವು ಮಾಡಿ ನೋಡಿದರು. ಗಣಿತಯಂತ್ರದ ಕಲ್ಪನೆಗಾಗಿ ಲೋಕವು ಇಂದು ನೆನೆಯುವ ಬ್ಯಾಬೇಜನೇ ಇವನು. ಹರ್ಷಲನು ಯುರೇನಸ್ ಗ್ರಹವನ್ನು ಕಂಡುಹಿಡಿದ ಹರ್ಷಲನ ಮಗ. ಅವರು ಲಾಳದ ಆಕಾರದ ಅಯಸ್ಕಾಂತವನ್ನು ತಿರುಗಿಸಿ, ಅದರ ಮೇಲೆ ತಾಮ್ರದ ತಟ್ಟೆಯನ್ನು ತೂಗುಹಾಕಿದರು. ತಟ್ಟೆಯು ಕಾಂತವನ್ನು ಹಿಂಬಾಲಿಸಿತು. ಬೇರೆಬೇರೆ ಲೋಹಗಳನ್ನು ಪರೀಕ್ಷಿಸಿದಾಗ ತಾಮ್ರದಲ್ಲಿ ಪರಿಣಾಮವು ಹೆಚ್ಚು, ಸತುವು, ತವರ, ಸೀಸ ಇವುಗಳಲ್ಲಿ ಕ್ರಮವಾಗಿ ಕಡಮೆ, ಬಿಸ್ಮತ್ತಿನಲ್ಲಿ ಅತ್ಯಲ್ಪ. ತಟ್ಟೆಯನ್ನು ಅಂಚಿನಿಂದ ನಡುವಿನ ಕಡೆಗೆ ಕತ್ತರಿಸಿ ಸೀಳುಗಳನ್ನು ಮಾಡಿದಾಗ ಬಲವು ಬಹಳ ಕುಂದಿತು. ಆ ಸೀಳುಗಳನ್ನು ಲೋಹದಿಂದ ಬೆಸೆದಾಗ ಬಲವು ಬಹುಮಟ್ಟಿಗೆ ಹಿಂದಿರುಗಿತು.

ಇಂದು ಇದನ್ನು ಓದುವವರಿಗೆ ಉತ್ತರವು ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಕಾಣುತ್ತದೆ. ಸೀಳಿದರೆ ಕುಂದುವುದು, ಬೆಸೆದರೆ ಹಿಂದಿರುಗುವುದು, ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವ ತಾಮ್ರದಲ್ಲಿ ಹೆಚ್ಚಾಗಿರುವುದು ಇವೆಲ್ಲವೂ ಒಂದೇ ಕಡೆಗೆ ಬೆರಳು ಮಾಡುತ್ತವೆ. ತಟ್ಟೆಯಲ್ಲಿ ಏನೋ ಒಂದು ಹರಿಯುತ್ತಿರಬೇಕು. ಸೀಳು ಅದರ ದಾರಿಯನ್ನು ಕಡಿಯುತ್ತಿರಬೇಕು. ಆದರೆ ಆ ಕಾಲದವರು ಹಾಗೆ ಯೋಚಿಸಲಿಲ್ಲ. ತಾಮ್ರವೂ ಅತ್ಯಲ್ಪವಾಗಿ ಕಾಂತವಾಗಬಲ್ಲುದೆಂದೂ, ಆದರೆ ಕಾಂತವಾಗುವುದಕ್ಕೂ ಆ ಗುಣವನ್ನು ಕಳೆದುಕೊಳ್ಳುವುದಕ್ಕೂ ಸ್ವಲ್ಪ ಕಾಲ ಹಿಡಿಯುವುದೆಂದೂ, ಈ ವಿಳಂಬದಿಂದಲೇ ಸೂಜಿಯು ಎಳೆಯಲ್ಪಡುವುದೆಂದೂ ಬ್ಯಾಬೇಜ್ ಮತ್ತು ಹರ್ಷಲರು ವಿವರಿಸಿದರು. ಫ್ರಾನ್ಸಿನ ಪ್ರಸಿದ್ಧ ಗಣಿತಜ್ಞನಾದ ಪ್ವಾಸೋನನು ಚಲನೆಯಲ್ಲಿರುವ ಕಾಂತತ್ವಕ್ಕೆ ಸೂತ್ರಗಳನ್ನೇ ಕಟ್ಟಿದನು. ತಾಮ್ರದೊಳಗೆ ಅಡಗಿರುವ ಕಾಂತತ್ವವನ್ನು ಹುಡುಕುವುದೇ ಎಲ್ಲರ ಉದ್ದೇಶವಾಗಿದ್ದಿತು. ಕಾರಣವು ವಸ್ತುವಿನ ಸ್ಥಾಯಿಯಾದ ಗುಣದಲ್ಲಿರದೆ ಚಲನೆಯಲ್ಲಿಯೇ ಹುಟ್ಟಿ, ಚಲನೆಯೊಡನೆಯೇ ಅಳಿಯುವಂಥದಾಗಿರಬಹುದೆಂಬುದು ಅವರ ಮನಸ್ಸಿಗೆ ಹೊಳೆಯಲಿಲ್ಲ.

ಇದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜಿನೀವ ನಗರದಲ್ಲಿ ನಡೆದ ಒಂದು ಪ್ರಯೋಗವು ಈ ಚರಿತ್ರೆಯಲ್ಲಿ ಬಹು ಮರುಕ ಹುಟ್ಟಿಸತಕ್ಕದ್ದು. ಕೊಲಡೋನ್ ಎಂಬ ತರುಣನು ೧೮೨೫ರಲ್ಲಿ ಕಾಂತದಿಂದ ವಿದ್ಯುತ್ತನ್ನು ಪಡೆಯಲು ಯತ್ನಿಸಿದನು. ತಂತಿಯ ಸುರುಳಿಯೊಂದಕ್ಕೆ ಬಲವಾದ ಅಯಸ್ಕಾಂತವನ್ನು ಒಡ್ಡಿದರೆ ಪ್ರವಾಹವು ಹುಟ್ಟುವುದೋ ಎಂದು ನೋಡುವುದು ಅವನ ಉದ್ದೇಶ. ಪ್ರವಾಹವನ್ನು ತೋರಿಸುವ ಗ್ಯಾಲ್ವನಾಮೀಟರಿನಲ್ಲಿಯೂ ಕಾಂತದ ಸೂಜಿಯೇ ಇರುವುದರಿಂದ, ದೊಡ್ಡ ಕಾಂತವು ಆ ಸೂಜಿಯನ್ನು ನೇರವಾಗಿ ಎಳೆದು ಮೋಸಗೊಳಿಸಬಹುದಲ್ಲವೆ? ಈ ಎಚ್ಚರಿಕೆಯಿಂದ ಅವನು ಗ್ಯಾಲ್ವನಾಮೀಟರನ್ನು ಬೇರೊಂದು ಕೋಣೆಯಲ್ಲಿಟ್ಟು, ಉದ್ದವಾದ ತಂತಿಗಳಿಂದ ಸುರುಳಿಗೆ ಜೋಡಿಸಿದನು. ಕಾಂತವನ್ನು ಸುರುಳಿಗೆ ಒಡ್ಡಿ, ಆ ಕೋಣೆಗೆ ನಡೆದು ಹೋಗಿ ನೋಡಿದನು. ಸೂಜಿಯು ಸೊನ್ನೆಯ ಮೇಲೆ ನಿಶ್ಚಲವಾಗಿ ನಿಂತಿದ್ದಿತು. ಅವನು ನಡೆದು ಬರುವಷ್ಟರಲ್ಲಿ ಸೂಜಿಯು ಅಲುಗಿ ಮತ್ತೆ ತನ್ನ ಸ್ಥಾನಕ್ಕೆ ಬಂದಿರಬೇಕು. ಇನ್ನೊಬ್ಬ ಸಹಾಯಕನು ಆ ಕೋಣೆಯಲ್ಲಿ ಕಣ್ಣಿಟ್ಟುಕೊಂಡು ಕುಳಿತಿದ್ದರೆ ವಿದ್ಯುತ್ಪ್ರೇರಣೆಯ ಕೀರ್ತಿಯು ಆರು ವರ್ಷ ಮೊದಲೇ ಜಿನೀವಕ್ಕೆ ಸಲ್ಲುತ್ತಿದ್ದಿತೋ ಏನೋ. ಕೊಲಡೋನನಿಗೆ ಎಚ್ಚರಿಕೆಯು ಸಾಲದೆ ಹೋಯಿತೆಂದು ನಾವು ಹೇಳುವಂತಿಲ್ಲ. ಅವನ ಎಚ್ಚರಿಕೆಯೇ ಅವನಿಗೆ ಅಡ್ಡಬಂದಿತು. ಪರಿಣಾಮವು ಸ್ಥಿರವಾಗಿ ನಿಂತಿರುವುದೆಂದು ನಂಬಿದ್ದರಿಂದಲೇ ಅವನು ನಿಧಾನವಾಗಿ ಹೋಗಿ ನೋಡಬಹುದೆಂದುಕೊಂಡನು.

ಕೊನೆಗೆ ಈ ಗಂಟನ್ನು ಬಿಡಿಸಿದವನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಮೈಕೇಲ್ ಫ್ಯಾರಡೇ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವವನಲ್ಲಿ ಕೆಲಸ ಕಲಿತು, ೧೮೧೩ರಲ್ಲಿ ಡೇವಿಯ ಸಹಾಯಕನಾಗಿ ಆ ಸಂಸ್ಥೆಯನ್ನು ಸೇರಿದವನು. ಕಾಂತತ್ವವನ್ನು ವಿದ್ಯುತ್ತಾಗಿ ಪರಿವರ್ತಿಸಬೇಕೆಂದು ೧೮೨೨ರಲ್ಲಿಯೇ ಅವನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದನು. ೧೮೨೪, ೧೮೨೫ ಮತ್ತು ೧೮೨೮ರಲ್ಲಿ ಮಾಡಿದ ಪ್ರಯತ್ನಗಳು ನಿಷ್ಫಲವಾದುವು. ೧೮೩೧ನೆಯ ಆಗಸ್ಟ್ ೨೯ರಂದು ಅವನು ಆರು ಅಂಗುಲ ಅಗಲದ ಕಬ್ಬಿಣದ ಬಳೆಯೊಂದರ ಎರಡು ಪಕ್ಕಗಳಿಗೆ ಎರಡು ಪ್ರತ್ಯೇಕ ತಂತಿಗಳನ್ನು ಸುತ್ತಿ, ಒಂದಕ್ಕೆ ಬ್ಯಾಟರಿಯನ್ನೂ ಇನ್ನೊಂದಕ್ಕೆ ಸೂಜಿಯನ್ನೂ ಜೋಡಿಸಿದನು. ಬ್ಯಾಟರಿಯನ್ನು ಜೋಡಿಸಿದ ಕ್ಷಣದಲ್ಲಿ ಸೂಜಿಯು ಅಲುಗಿ ಮತ್ತೆ ನಿಂತಿತು. ಬ್ಯಾಟರಿಯನ್ನು ಬಿಡಿಸಿದ ಕ್ಷಣದಲ್ಲಿ ಎದುರು ದಿಕ್ಕಿಗೆ ಅಲುಗಿತು. ನಡುವಣ ಕಾಲದಲ್ಲಿ, ಪ್ರವಾಹವು ಎಷ್ಟು ಹೊತ್ತು ಹರಿದರೂ, ಏನೂ ಇಲ್ಲ. ಕೊಲಡೋನನು ಕಾಣದೆ ಹೋದ ಆ ಕ್ಷಣವನ್ನು ಫ್ಯಾರಡೇ ಕಂಡನು.

ಅಕ್ಟೋಬರ್ ೧೭ರಂದು ಅವನು ಎಂಟೂವರೆ ಅಂಗುಲ ಉದ್ದದ ಕಾಂತದಂಡವನ್ನು ತಂತಿಯ ಸುರುಳಿಯೊಳಕ್ಕೆ ಥಟ್ಟನೆ ನೂಕಿದನು. ಸೂಜಿಯು ಅಲುಗಿತು. ಹೊರಕ್ಕೆ ಎಳೆದಾಗ ಎದುರು ದಿಕ್ಕಿಗೆ ಅಲುಗಿತು. ಒಳಗೆ ಸುಮ್ಮನೆ ಇರಿಸಿದಾಗ ನಿಶ್ಚಲವಾಗಿದ್ದಿತು. ಅಕ್ಟೋಬರ್ ೨೮ರಂದು ಅವನು ಕ್ರಿಸ್ಟಿ ಎಂಬ ವಿದ್ವಾಂಸನ ವಶದಲ್ಲಿದ್ದ ರಾಯಲ್ ಸೊಸೈಟಿಯ ಮಹಾಕಾಂತವನ್ನು ಉಪಯೋಗಿಸಿಕೊಂಡನು. ಅದು ೧೫ ಅಂಗುಲ ಉದ್ದದ ಸುಮಾರು ೪೫೦ ಕಾಂತದಂಡಗಳನ್ನು ಒಟ್ಟುಗೂಡಿಸಿ ಮಾಡಿದ್ದ ದೊಡ್ಡ ಉಪಕರಣ. ಅದರ ಧ್ರುವಗಳ ನಡುವೆ ಹನ್ನೆರಡು ಅಂಗುಲ ಅಗಲದ ತಾಮ್ರದ ತಟ್ಟೆಯನ್ನು ತಿರುಗಿಸಿ, ತಟ್ಟೆಯ ಅಂಚಿಗೊಂದು, ಅಚ್ಚಿಗೊಂದು ಸಂಪರ್ಕವನ್ನು ಒತ್ತಿ ಹಿಡಿದನು. ತಟ್ಟೆಯು ತಿರುಗುತ್ತಿದ್ದಷ್ಟು ಹೊತ್ತೂ ಪ್ರವಾಹವು ಎಡೆಬಿಡದೆ ಹರಿಯಿತು. ಬ್ಯಾಟರಿಯಿಲ್ಲದೆ, ಕೇವಲ ತಿರುಗಿಸುವ ಕೆಲಸದಿಂದ, ನಿರಂತರವಾದ ವಿದ್ಯುತ್ಪ್ರವಾಹವನ್ನು ಮನುಷ್ಯನು ಪಡೆದುದು ಆಗಲೇ. ಆ ತಟ್ಟೆಯು ಆರಾಗೋವಿನ ತಟ್ಟೆಯೇ ಹೊರತು ಬೇರೆಯಲ್ಲ. ಫ್ಯಾರಡೇಯು ಅದಕ್ಕೆ ಎರಡು ತಂತಿಗಳನ್ನು ಸೇರಿಸಿದನು, ಅಷ್ಟೆ. ಅದೇ ವರ್ಷದ ನವೆಂಬರ್ ೨೪ರಂದು ರಾಯಲ್ ಸೊಸೈಟಿಯ ಮುಂದೆ ಓದಿಸಿದ ಪ್ರಬಂಧದ ನಾಲ್ಕನೆಯ ಭಾಗವನ್ನು ಅವನು ಆರಾಗೋವಿನ ಸಮಸ್ಯೆಗಾಗಿಯೇ ಮೀಸಲಿಟ್ಟನು. ಅಮೆರಿಕದ ಆಲ್ಬನಿ ನಗರದಲ್ಲಿ ಜೋಸೆಫ್ ಹೆನ್ರಿಯೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಕಂಡುಕೊಂಡಿದ್ದನೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಈಗ ತಾಮ್ರದ ತಡೆಯ ಗುಟ್ಟು ಬಯಲಾಯಿತು. ಕಾಂತವೂ ತಾಮ್ರವೂ ಒಂದನ್ನೊಂದು ಹಾದುಹೋಗುವಾಗ ತಾಮ್ರದ ಮೈಯಲ್ಲಿ ವಿದ್ಯುತ್ಪ್ರವಾಹಗಳು ಹುಟ್ಟಿ, ಹೊಳೆಯ ನೀರಿನ ಸುಳಿಗಳಂತೆ ಒಳಗೊಳಗೇ ಸುತ್ತುತ್ತವೆ. ಪ್ರವಾಹವಿರುವಲ್ಲಿ ಕಾಂತತ್ವವೂ ಇರಬೇಕೆಂದು ಊರ್ಸ್ಟೆಡ್ಡನು ತೋರಿಸಿಯೇ ಇದ್ದನು. ಹೀಗೆ ತಾತ್ಕಾಲಿಕವಾಗಿ ಕಾಂತವಾದ ತಾಮ್ರವು ನಿಜವಾದ ಕಾಂತದ ಮೇಲೆ ಬಲವನ್ನು ತೋರುತ್ತದೆ. ಚಲನೆಯು ನಿಂತೊಡನೆ ಸುಳಿಗಳೂ ನಿಲ್ಲುತ್ತವೆ. ತಾಮ್ರವು ಮತ್ತೆ ತನ್ನ ಉದಾಸೀನತೆಗೆ ಹಿಂದಿರುಗುತ್ತದೆ. ತಟ್ಟೆಯನ್ನು ಸೀಳಿದರೆ ಸುಳಿಗಳ ದಾರಿ ತುಂಡಾಗುತ್ತದೆ. ಬಿಸ್ಮತ್ತಿನಲ್ಲಿ ವಿದ್ಯುತ್ತು ಕಷ್ಟದಿಂದ ಹರಿಯುವುದರಿಂದ ಸುಳಿಗಳು ದುರ್ಬಲವಾಗುತ್ತವೆ. ಬ್ಯಾಬೇಜ್ ಮತ್ತು ಹರ್ಷಲರ ಪಟ್ಟಿಯಲ್ಲಿದ್ದ ಒಂದೊಂದು ಸಂಗತಿಯೂ ತನ್ನ ಸ್ಥಾನದಲ್ಲಿ ಬಂದು ಕುಳಿತಿತು.

ಆದರೆ ಇನ್ನೂ ಒಂದು ಪ್ರಶ್ನೆ ಉಳಿಯಿತು. ಹುಟ್ಟಿದ ಪ್ರವಾಹವು ಚಲನೆಯನ್ನು ತಡೆಯುವುದೇಕೆ? ಏಕೆ ಮುಂದಕ್ಕೆ ದೂಡಬಾರದು? ಇದಕ್ಕೆ ನಿಯಮವನ್ನು ಕೊಟ್ಟವನು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಲೆಂಟ್ಸ್. ಪ್ರೇರಿತವಾದ ಪ್ರವಾಹವು ಯಾವಾಗಲೂ ತನ್ನನ್ನು ಹುಟ್ಟಿಸಿದ ಚಲನೆಗೆ ವಿರೋಧವಾಗುವ ದಿಕ್ಕಿನಲ್ಲಿಯೇ ಹರಿಯುವುದೆಂದು ಅವನು ೧೮೩೪ರಲ್ಲಿ ಪ್ರಕಟಿಸಿದನು. ನಮ್ಮ ತಾಮ್ರದ ಕೊಳವೆಯನ್ನು ಮತ್ತೆ ನೆನೆಯೋಣ. ಬೀಳುತ್ತಿರುವ ಗುಂಡಿನ ಕೆಳಗಿನ ಭಾಗದಲ್ಲಿ ಹುಟ್ಟುವ ಪ್ರವಾಹವು ಗುಂಡನ್ನು ಮೇಲಕ್ಕೆ ದೂಡುತ್ತದೆ. ಗುಂಡು ಬಿಟ್ಟುಬಂದ ಮೇಲಿನ ಭಾಗದಲ್ಲಿ ಹುಟ್ಟುವ ಪ್ರವಾಹವು ಅದನ್ನು ಹಿಂದಕ್ಕೆ ಸೆಳೆಯುತ್ತದೆ. ಮುಂದೆ ತಳ್ಳುವವರು, ಹಿಂದೆ ಎಳೆಯುವವರು, ಇಬ್ಬರ ನಡುವೆ ಸಿಕ್ಕಿದ ಗುಂಡು ಮೆಲ್ಲಗೆ ಇಳಿಯಬೇಕಾಗುತ್ತದೆ.

ಈ ನಿಯಮವು ತಲೆಕೆಳಗಾಗಿದ್ದರೆ ಏನಾಗುತ್ತಿತ್ತೆಂದು ಊಹಿಸಿ ನೋಡಬಹುದು. ಗುಂಡನ್ನು ಒಂದಿಷ್ಟು ಅಲುಗಿಸಿದರೆ ಸಾಕು, ಹುಟ್ಟಿದ ಪ್ರವಾಹವು ಅದನ್ನು ಇನ್ನೂ ವೇಗವಾಗಿ ದೂಡುತ್ತಿತ್ತು. ಹೆಚ್ಚಿದ ವೇಗದಿಂದ ಪ್ರವಾಹವು ಇನ್ನೂ ಹೆಚ್ಚುತ್ತಿತ್ತು. ಯಾರೂ ಏನನ್ನೂ ವ್ಯಯಮಾಡದೆ ಚಲನೆಯೂ ವಿದ್ಯುತ್ತೂ ಕೊನೆಯಿಲ್ಲದೆ ಬೆಳೆಯುತ್ತ ಹೋಗುತ್ತಿದ್ದುವು. ಪ್ರಕೃತಿಯಲ್ಲಿ ಅಂಥ ಧರ್ಮಛತ್ರವಿಲ್ಲ. ೧೮೪೩ರಲ್ಲಿ ಜೂಲನು ಯಂತ್ರವನ್ನು ತಿರುಗಿಸಿ ಪಡೆದ ಪ್ರವಾಹದಿಂದ ಎಷ್ಟು ಶಾಖವು ಹುಟ್ಟುವುದೆಂದು ಅಳೆದು, ತಿರುಗಿಸುವ ಕೆಲಸಕ್ಕೂ ಹುಟ್ಟಿದ ಶಾಖಕ್ಕೂ ಗೊತ್ತಾದ ಪ್ರಮಾಣವಿರುವುದನ್ನು ತೋರಿಸಿದನು. ೧೮೪೭ರಲ್ಲಿ ಹೆಲ್ಮ್‌ಹೋಲ್ಟ್ಸನು ಶಕ್ತಿಯು ನಾಶವಾಗುವುದಿಲ್ಲ, ಇಲ್ಲದಲ್ಲಿ ಹುಟ್ಟುವುದೂ ಇಲ್ಲ ಎಂಬ ತತ್ತ್ವವನ್ನು ವಿಸ್ತಾರವಾಗಿ ಪ್ರತಿಪಾದಿಸಿ, ವಿದ್ಯುತ್ಪ್ರೇರಣೆಯೂ ಅದಕ್ಕೆ ಅಧೀನವೆಂದು ವಿವರಿಸಿದನು. ೧೮೫೫ರಲ್ಲಿ ಫೂಕೋ ಎಂಬ ಫ್ರೆಂಚ್ ವಿಜ್ಞಾನಿಯು ಬಲವಾದ ವಿದ್ಯುತ್ಕಾಂತದ ಧ್ರುವಗಳ ನಡುವೆ ಲೋಹದ ತಟ್ಟೆಯನ್ನು ತಿರುಗಿಸಿ ನೋಡಿದನು. ಕಾಂತಕ್ಕೆ ಪ್ರವಾಹವನ್ನು ಕೊಟ್ಟೊಡನೆ ತಟ್ಟೆಯು ಭಾರವಾಯಿತು. ಹಿಡಿದು ಬಲವಂತವಾಗಿ ತಿರುಗಿಸಿದಷ್ಟೂ ಬಿಸಿಯೇರಿತು. ಕಳೆದುಹೋದಂತೆ ಕಂಡ ಚಲನೆಯು ಶಾಖವಾಗಿ ಮಾರ್ಪಟ್ಟಿದ್ದಿತು. ಆರಾಗೋವಿನ ಸೂಜಿಯು ಕಳೆದುಕೊಂಡ ತೂಗಾಟವೂ ತಾಮ್ರದ ಬಳೆಯನ್ನು, ಯಾರ ಕೈಗೂ ತಿಳಿಯದಷ್ಟು ಅಲ್ಪವಾಗಿ, ಬೆಚ್ಚಗೆ ಮಾಡಿರಬೇಕು.

ಈ ತಡೆಯನ್ನು ಜನರು ಬಗೆಬಗೆಯಾಗಿ ಉಪಯೋಗಿಸಿಕೊಂಡಿದ್ದಾರೆ. ಸೂಕ್ಷ್ಮವಾದ ತಕ್ಕಡಿಗಳ ದಂಡವು ಬೇಗ ಸ್ಥಿರವಾಗುವಂತೆ ಮಾಡಲು ಲೋಹದ ಹಲಗೆಯನ್ನು ಕಾಂತದ ನಡುವೆ ಆಡಿಸುತ್ತಾರೆ. ದೊಡ್ಡ ಲಾರಿಗಳು ಇಳಿಜಾರಿನಲ್ಲಿ ಇಳಿಯುವಾಗ ವೇಗವನ್ನು ಹತೋಟಿಯಲ್ಲಿಡಲು ಇದೇ ತತ್ತ್ವದ ಬ್ರೇಕುಗಳುಂಟು. ಜರ್ಮನಿಯ ಐಸಿಇ ೩ ಎಂಬ ವೇಗದ ರೈಲುಗಳಲ್ಲಿ ಹಳಿಯ ಮೇಲೆ ಕೆಲವೇ ಮಿಲಿಮೀಟರುಗಳ ಎತ್ತರದಲ್ಲಿ ನಿಲ್ಲುವ ವಿದ್ಯುತ್ಕಾಂತಗಳು, ಹಳಿಯನ್ನು ಮುಟ್ಟದೆಯೇ ಬಂಡಿಯನ್ನು ನಿಧಾನಗೊಳಿಸುತ್ತವೆ. ಉಜ್ಜುವುದಿಲ್ಲವಾದ್ದರಿಂದ ಸವೆಯುವುದೂ ಇಲ್ಲ. ಆದರೆ ಈ ಬ್ರೇಕಿಗೆ ಹುಟ್ಟುಗುಣವೊಂದಿದೆ. ಸಾಮಾನ್ಯವಾದ ವೇಗಗಳಲ್ಲಿ ತಡೆಯು ವೇಗಕ್ಕೆ ತಕ್ಕಂತೆ ಇರುವುದರಿಂದ, ವೇಗವು ಕುಗ್ಗಿದಂತೆ ತಡೆಯೂ ಕುಗ್ಗುತ್ತದೆ. ಇದು ಓಡುವುದನ್ನು ನಿಧಾನಮಾಡೀತು. ನಿಂತದ್ದನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಲಾರದು. ಆದುದರಿಂದ ಪೂರ್ತಿಯಾಗಿ ನಿಲ್ಲಿಸುವುದಕ್ಕೆ ಉಜ್ಜುವ ಬ್ರೇಕೂ ಜೊತೆಯಲ್ಲಿರಬೇಕು. ಇನ್ನು, ತಡೆಯು ಬೇಡವಾದ ಕಡೆಯಲ್ಲಿ ಬ್ಯಾಬೇಜ್ ಮತ್ತು ಹರ್ಷಲರ ಸೀಳು ನೆರವಿಗೆ ಬರುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನು ಒಂದೇ ಗಟ್ಟಿಯಾಗಿ ಮಾಡದೆ, ಒಂದಕ್ಕೊಂದು ವಿದ್ಯುತ್ತು ದಾಟದಂತೆ ಲೇಪವಿರುವ ತೆಳುವಾದ ಹಾಳೆಗಳನ್ನು ಪೇರಿಸಿ ಮಾಡುವುದು ಸುಳಿಗಳ ದಾರಿಯನ್ನು ಕಡಿದು ಶಕ್ತಿಯ ನಷ್ಟವನ್ನು ತಪ್ಪಿಸುವುದಕ್ಕಾಗಿ.

ಆರಾಗೋವಿನ ತಟ್ಟೆಯು ನಮ್ಮ ಮನೆಗಳ ಗೋಡೆಯ ಮೇಲೂ ಬಹುಕಾಲ ತಿರುಗುತ್ತಿದ್ದಿತು. ತಟ್ಟೆಯನ್ನು ತಿರುಗಿಸುವುದಕ್ಕೆ ಕಾಂತವನ್ನೇ ತಿರುಗಿಸಬೇಕಾಗಿಲ್ಲ, ಸುತ್ತಲೂ ಇಟ್ಟ ವಿದ್ಯುತ್ಕಾಂತಗಳಿಗೆ ಸರದಿಯ ಮೇಲೆ ಪ್ರವಾಹವನ್ನು ಕೊಟ್ಟರೆ ಸಾಕು ಎಂಬುದನ್ನು ವಾಲ್ಟರ್ ಬೇಲಿ ಎಂಬವನು ೧೮೭೯ರಲ್ಲಿ ಲಂಡನ್ನಿನಲ್ಲಿ ತೋರಿಸಿದನು. ಇಟಲಿಯ ಫೆರಾರಿಸನೂ ಅಮೆರಿಕದಲ್ಲಿ ನೆಲಸಿದ್ದ ಟೆಸ್ಲನೂ ೧೮೮೮ರಲ್ಲಿ ಪ್ರಕಟಿಸಿದ ಕೆಲಸಗಳಿಂದ ಈ ಆಟಿಕೆಯು ಕಾರ್ಖಾನೆಗಳ ಮೋಟಾರಾಯಿತು. ಅದೇ ತತ್ತ್ವದ ಮೇಲೆ ವಿದ್ಯುತ್ತನ್ನು ಅಳೆಯುವ ಮೀಟರು ಬಂದಿತು. ಗಾಜಿನ ಹಿಂದೆ ಅಲ್ಯೂಮಿನಿಯಮ್ಮಿನ ತಟ್ಟೆಯೊಂದು ಸುತ್ತುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮನೆಯಲ್ಲಿ ಖರ್ಚಾಗುವ ವಿದ್ಯುತ್ತು ಅದನ್ನು ಮುಂದಕ್ಕೆ ದೂಡುತ್ತಿದ್ದಿತು. ಅದರ ಅಂಚನ್ನು ಕಚ್ಚಿದಂತೆ ನಿಂತಿದ್ದ ಚಿಕ್ಕ ಅಯಸ್ಕಾಂತವು ಅದನ್ನು ತಡೆಯುತ್ತಿದ್ದಿತು. ಆ ತಡೆಯು ಇಲ್ಲದಿದ್ದರೆ ತಟ್ಟೆಯು ಲಂಗುಲಗಾಮಿಲ್ಲದೆ ವೇಗವಾಗುತ್ತ ಹೋಗಿ ಲೆಕ್ಕವೇ ಕೆಡುತ್ತಿತ್ತು. ತಡೆಯು ವೇಗಕ್ಕೆ ತಕ್ಕಂತಿದ್ದುದರಿಂದಲೇ ತಟ್ಟೆಯ ವೇಗವು ಖರ್ಚಿಗೆ ತಕ್ಕಂತಿದ್ದು, ಅದರ ಸುತ್ತುಗಳನ್ನು ಎಣಿಸಿ ಹಣವನ್ನು ಕೇಳುವುದು ಸಾಧ್ಯವಾಯಿತು. ಈಗ ಎಲೆಕ್ಟ್ರಾನಿಕ್ ಮೀಟರುಗಳು ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ.

ಮೀಟರು ಕೇಳುವ ಈ ಬೆಲೆಯನ್ನು ಮೊದಲು ತೆರುವವರು ಯಾರು? ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನವು ಕಾವೇರಿಯ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಪಡೆಯುವ ಕೆಲಸವನ್ನು ಕೈಕೊಂಡಿತು. ೧೯೦೨ರಲ್ಲಿ ಆ ವಿದ್ಯುತ್ತು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ಅಲ್ಲಿ ನೀರಿನ ಚಕ್ರವು ಯಂತ್ರವನ್ನು ತಿರುಗಿಸುವುದೂ ಫ್ಯಾರಡೇಯು ತನ್ನ ತಟ್ಟೆಯನ್ನು ತಿರುಗಿಸಿದುದೂ ತತ್ತ್ವದಲ್ಲಿ ಒಂದೇ. ಇಂಥ ಯಂತ್ರದಿಂದ ಯಾರೂ ಪ್ರವಾಹವನ್ನು ತೆಗೆದುಕೊಳ್ಳದಿದ್ದರೆ ಅದು ಹಗುರವಾಗಿ ತಿರುಗುತ್ತದೆ. ಅಚ್ಚಿನ ಘರ್ಷಣೆ ಮೊದಲಾದ ಅಲ್ಪ ನಷ್ಟಗಳಷ್ಟೇ ಅದಕ್ಕಿರುವ ಅಡ್ಡಿ. ದೂರದ ಪಟ್ಟಣದಲ್ಲಿ ದೀಪಗಳು ಹತ್ತಿಕೊಂಡೊಡನೆ ಯಂತ್ರದ ಸುರುಳಿಗಳಲ್ಲಿ ಪ್ರವಾಹವು ಹರಿದು, ಆ ಪ್ರವಾಹವು ಲೆಂಟ್ಸನ ನಿಯಮದಂತೆ ಯಂತ್ರವನ್ನು ಹಿಂದಕ್ಕೆ ಒತ್ತುತ್ತದೆ. ಚಕ್ರವು ಭಾರವಾಗುತ್ತದೆ, ಅದರ ವೇಗವು ಕುಗ್ಗದಂತೆ ನೋಡಿಕೊಳ್ಳುವ ಸಾಧನವು ಬಾಗಿಲನ್ನು ಇನ್ನಷ್ಟು ತೆರೆದು ಹೆಚ್ಚು ನೀರನ್ನು ಬಿಡುತ್ತದೆ. ಗಾಂಬೇಯ ಪೆಟ್ಟಿಗೆಯಲ್ಲಿ ಸೂಜಿಯನ್ನು ನಿಲ್ಲಿಸಿದ ತಡೆಯೇ ಅಲ್ಲಿ ನದಿಯ ಬಲವನ್ನು ಎದುರಿಸಿ ನಿಲ್ಲುತ್ತದೆ. ಆ ತಡೆಯನ್ನು ಮೀರಿ ನೀರು ಮಾಡಿದ ಕೆಲಸವೇ ತಂತಿಯ ಮೂಲಕ ನಮ್ಮ ಮನೆಗೆ ಬೆಳಕಾಗಿ ಬರುವುದು.

ಆದುದರಿಂದ ತಡೆಯೆಂಬುದು ಯಂತ್ರದ ದೋಷವಲ್ಲ. ಅದು ವಿದ್ಯುತ್ತಿನ ಬೆಲೆ. ಈ ಮಾತನ್ನು ಮನದಟ್ಟು ಮಾಡಿಕೊಳ್ಳುವುದರಿಂದ ವ್ಯಾವಹಾರಿಕವಾದ ಪ್ರಯೋಜನವೂ ಉಂಟು. ಇಂಧನವಿಲ್ಲದೆ, ನೀರು ಗಾಳಿ ಬಿಸಿಲುಗಳ ಹಂಗಿಲ್ಲದೆ, ಬರಿಯ ಅಯಸ್ಕಾಂತಗಳನ್ನು ಚಕ್ರಕ್ಕೆ ಜೋಡಿಸಿ ಮನೆಗೆಲ್ಲ ವಿದ್ಯುತ್ತನ್ನು ಪಡೆಯಬಹುದೆಂದು ಹೇಳುವವರು ಇಂದಿಗೂ ಇದ್ದಾರೆ. ವಿದ್ಯಾವಂತರೂ ಅಂಥ ಮಾತಿಗೆ ಮರುಳಾಗಿ ಹಣವನ್ನು ಕಳೆದುಕೊಳ್ಳುವ ಅಪಾಯವುಂಟು. ಅಂಥ ಚಕ್ರವು, ದೀಪವನ್ನು ಜೋಡಿಸದಿರುವಾಗ ಒಂದಿಷ್ಟು ಹೊತ್ತು ಲೀಲಾಜಾಲವಾಗಿ ಸುತ್ತುವುದನ್ನು ತೋರಿಸಬಹುದು. ದೀಪವನ್ನು ಜೋಡಿಸಿ ಎಂದು ಕೇಳಿದರೆ ಸಾಕು. ಪ್ರವಾಹವು ಹರಿದ ಕ್ಷಣದಿಂದ ತಡೆಯು ಹುಟ್ಟಿ, ಚಕ್ರವು ನಿಲ್ಲುವುದಕ್ಕೆ ಮೊದಲಾಗುತ್ತದೆ. ಗುಟ್ಟಾಗಿ ಬೇರೆ ಯಾವುದಾದರೂ ಶಕ್ತಿಯು ದೂಡುತ್ತಿದ್ದ ಹೊರತು ಅದು ಸುತ್ತುತ್ತಿರಲಾರದು.

ಚರಿತ್ರೆಯ ದೃಷ್ಟಿಯಿಂದಲೂ ಒಂದು ಮಾತನ್ನು ಹೇಳಬೇಕಾಗಿದೆ. ೧೮೨೪ರಿಂದ ೧೮೩೧ರವರೆಗಿನ ಏಳು ವರ್ಷಗಳಲ್ಲಿ ಬೇಕಾದ ಸಂಗತಿಗಳೆಲ್ಲವೂ ವಿದ್ವಾಂಸರ ಮುಂದೆ ಇದ್ದುವು. ಕಾಂತದಿಂದ ವಿದ್ಯುತ್ತನ್ನು ಹುಟ್ಟಿಸಬೇಕೆಂದು ಒಂದು ಕಡೆಯಲ್ಲಿ ಹುಡುಕುತ್ತಿದ್ದರು. ತಾಮ್ರವು ಕಾಂತವನ್ನು ತಡೆಯುವುದೇಕೆಂದು ಇನ್ನೊಂದು ಕಡೆಯಲ್ಲಿ ಬೆರಗಾಗುತ್ತಿದ್ದರು. ಹುಡುಕುತ್ತಿದ್ದ ವಿದ್ಯುತ್ತು ಬೆರಗಾಗಿ ನೋಡುತ್ತಿದ್ದ ಆ ತಟ್ಟೆಯಲ್ಲಿಯೇ ಹರಿಯುತ್ತಿದ್ದಿತು. ಅವರ ಬುದ್ಧಿಗೆ ಕೊರತೆಯಿರಲಿಲ್ಲ, ಕೈಚಳಕಕ್ಕೂ ಇರಲಿಲ್ಲ. ನಿಂತ ಕಾಂತದಿಂದ ನಿಂತ ಪರಿಣಾಮವನ್ನು ನಿರೀಕ್ಷಿಸಿದರು. ಏನನ್ನೂ ಕೊಡದೆ ಪಡೆಯಬಹುದೆಂದು, ತಮಗೆ ತಿಳಿಯದೆಯೇ, ಭಾವಿಸಿದರು. ಕಾಂತವನ್ನು ಸುಮ್ಮನೆ ಇಟ್ಟರೆ ಸಾಲದು, ಅದನ್ನು ಚಲಿಸಬೇಕು, ಚಲಿಸುವುದಕ್ಕೆ ಶ್ರಮಪಡಬೇಕು ಎಂದು ಪ್ರಕೃತಿಯು ಗಾಂಬೇಯ ಸೂಜಿಯ ಮೂಲಕ ಮೊದಲಿನಿಂದಲೂ ಹೇಳುತ್ತಲೇ ಇದ್ದಿತು. ನಾವು ಸಂಜೆ ಗುಂಡಿಯನ್ನೊತ್ತಿ ದೀಪವನ್ನು ಹೊತ್ತಿಸುವಾಗ ಬೆರಳಿಗೆ ಯಾವ ಭಾರವೂ ತಿಳಿಯುವುದಿಲ್ಲ. ಆದರೆ ಎಲ್ಲಿಯೋ ಒಂದು ಚಕ್ರಕ್ಕೆ ಆ ಭಾರವು ತಿಳಿಯುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪದ ಭಾರವೂ ಅಷ್ಟೇ ತಿಳಿಯುತ್ತದೆ.